ಹಸಿರು ಚೀಲ, ಹಳದಿ ಚೀಲ

ನನ್ನ ಗಂಡ ಊಟಕ್ಕೂ ನೆಟ್ಟಗೆ ಕೂತವರಲ್ಲ. ಎರಡು ತುತ್ತು ತಿಂದು, ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯ ತನಕ ಹೋಗಿ ಬರುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಅಂತ ಅತ್ತೆ ಹೇಳಿದಾಗ ಹೊಸ ಸೊಸೆಯಾಗಿದ್ದ ನಾನು ನಕ್ಕಿದ್ದೆ. ಆ ನಗು ಬಹಳ ದಿನ ಬಾಳಲಿಲ್ಲ.

ಅವರದು ಬಂದೂಕು ರಿಪೇರಿ ಕೆಲಸ. ಶೂಟಿಂಗ್ ಕ್ಲಬ್ಬಿನವರು ಪಂದ್ಯಕ್ಕೆ ಬಳಸುವ ರೈಫಲ್‌ಗಳೆಲ್ಲ ನಮ್ಮ ಮನೆಯ ಹಿಂದಿನ ಶೆಡ್ಡಿಗೇ ಬರುತ್ತವೆ. ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುವ ಆ ಕೆಲಸದಲ್ಲಿ ಅವರ ಕೈ ಒಂದಿಷ್ಟೂ ಅಲುಗುವುದಿಲ್ಲ. ಕಾಲು ಮಾತ್ರ ಅಲ್ಲೂ ಕುಣಿಯುತ್ತಿರುತ್ತದೆ. ಹರೆಯದಲ್ಲಿ ತಾವೂ ಗುರಿ ಹಿಡಿದು ಒಂದು ಪದಕ ಗೆದ್ದವರೇ. ಅದರ ಮುಂದಿನ ಪಂದ್ಯದಲ್ಲಿ ತಮ್ಮ ಸರದಿ ಬರುವತನಕ ಕಾಯಲಾರದೆ ಎದ್ದು ಮನೆಗೆ ಬಂದರಂತೆ. ಅಲ್ಲಿಗೆ ಮುಗಿಯಿತು.

ಮಗಳು ಸದ್ಯ ನನ್ನನ್ನು ಹೋತಿದ್ದಾಳೆ. ನಿಂತರೆ ನಿಂತಳು, ಕೂತರೆ ಕೂತಳು. ಅಪ್ಪನ ಹಳೆಯ ರೈಫಲ್‌ನಂಥದೇ ಇನ್ನೊಂದನ್ನು ಇಟ್ಟುಕೊಂಡು ಕಿರಿಯರ ಪಂದ್ಯಗಳಲ್ಲಿ ಆಡುತ್ತಾಳೆ. ಅಪ್ಪ ಪ್ರತಿ ಪಂದ್ಯಕ್ಕೂ ಅವಳನ್ನು ಕರೆದುಕೊಂಡು ಹೋಗುತ್ತಾರೆ, ಆದರೆ ಒಳಗೆ ಕಾಲಿಡುವುದಿಲ್ಲ. ಎಲ್ಲ ಮುಗಿಯುವತನಕ ಗೇಟಿನ ಹೊರಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿರುತ್ತಾರೆ.

ಈ ವರ್ಷ ಕಿರಿಯರ ತಂಡದ ಆಯ್ಕೆ ಹತ್ತಿರ ಬಂದಾಗ ಅವಳ ರೈಫಲ್‌ನ ಬ್ಯಾರೆಲ್ ಕೈಕೊಟ್ಟಿತು. ಹೊಡೆದು ಹೊಡೆದು ಒಳಗೆಲ್ಲ ಸವೆದು, ಗುಂಡುಗಳು ಮನಸ್ಸು ಬಂದ ಕಡೆ ಹೋಗತೊಡಗಿದವು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಈಗ ಇಲ್ಲ ಅಂದರೆ ಅವಳಿಗೆ ಕಿರಿಯರ ತಂಡ ಇನ್ನೆಂದೂ ಇಲ್ಲ.

"ಹೊಸಾ ಬ್ಯಾರೆಲ್ ಹಾಕ್ತೀನಿ, ಅದೇನು ಮಹಾ," ಅಂದರು ಅಪ್ಪ, ಶೆಡ್ಡಿನಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತ.

ಅದು ಮಹಾ ಕೆಲಸವೇ. ರೈಫಲ್‌ನ ಹೊಟ್ಟೆಗೆ ಆಕ್ಷನ್ ಅನ್ನುತ್ತಾರೆ. ಮುಂದಿನಿಂದ ಬ್ಯಾರೆಲ್ಲನ್ನು ಅದರೊಳಕ್ಕೆ ತಿರುಗಿಸಿ ಬಿಗಿಯುತ್ತಾರೆ. ಹಿಂದಿನಿಂದ ಬೋಲ್ಟು ಬಂದು ತೋಟಾದ ಬೆನ್ನಿಗೆ ಬಾಗಿಲು ಹಾಕುತ್ತದೆ. ನಡುವೆ ತೋಟಾ ಹಿಡಿಸುವಷ್ಟೇ ಜಾಗ ಇರಬೇಕು. ಹೆಚ್ಚಾದರೆ ಅದು ಹೊಡೆಯುವವರ ಕೆನ್ನೆಯ ಪಕ್ಕದಲ್ಲೇ ಬಿರಿಯಬಹುದು. ಇದನ್ನು ನೋಡಲು ತೋಟಾದ ಆಕಾರದ ಎರಡು ಉಕ್ಕಿನ ತುಂಡುಗಳಿವೆ. ಮೊದಲನೆಯದರ ಮೇಲೆ ಬೋಲ್ಟು ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ನಮ್ಮ ಮನೆಯಲ್ಲಿ ಅವುಗಳ ಹೆಸರು ಹೋಗಪ್ಪ, ನಿಲ್ಲಪ್ಪ.

ಅಂಗಡಿಯವನು ಕಳಿಸಿದ ಮೊದಲನೆಯ ಬ್ಯಾರೆಲ್ ಒಂದು ಸುತ್ತೂ ಒಳಗೆ ಹೋಗಲಿಲ್ಲ. ಅದೇ ಕಂಪನಿಯದೇ, ಆದರೆ ಹೊಸ ಮಾದರಿಯದು, ತಿರುಪಿನ ಸುತ್ತುಗೆರೆಗಳೇ ಬೇರೆ. ಎರಡನೆಯದು ಬೆಣ್ಣೆಯ ಹಾಗೆ ತಿರುಗಿ ಕೂತಿತು. ಹೋಗಪ್ಪ ಹೋದ. ನಿಲ್ಲಪ್ಪನೂ ನಿಲ್ಲದೆ ಹೋದ. ಅವನ ಮೇಲೂ ಬೋಲ್ಟು ಮುಚ್ಚಿತು, ಅಂದರೆ ಜಾಗ ಹೆಚ್ಚು. ನನ್ನ ಗಂಡ ಫೋನಿನಲ್ಲಿ ಅಂಗಡಿಯವನ ಜನ್ಮ ಜಾಲಾಡಿ ಅದನ್ನು ವಾಪಸ್ ಕಳಿಸಿದರು. ಮೂರನೆಯದು ಬರುವತನಕ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಸಿರಾಡಲಿಲ್ಲ. ಅವರು ಅಂಗಳ ಸವೆಸಿದರು, ಮಗಳು ಉಗುರು ಕಚ್ಚಿದಳು, ನಾನು ಹಾಲು ಉಕ್ಕಿಸಿ ಒಲೆ ತೊಳೆದೆ.

ಮೂರನೆಯದು ಬಂತು. ಅದರಲ್ಲೂ ನಿಲ್ಲಪ್ಪ ನಿಲ್ಲಲಿಲ್ಲ.

"ಎಲ್ಲಾ ಕಳ್ಳರು," ಅಂದರು. "ಅಳತೆ ಅನ್ನೋದೇ ಗೊತ್ತಿಲ್ಲ ಇವರಿಗೆ."

ಆಯ್ಕೆ ಮರುದಿನವೇ ಇತ್ತು. ನನಗೆ ತಲೆ ಚಿಟ್ಟು ಹಿಡಿದಿತ್ತು. ಶೆಡ್ಡಿಗೆ ಯಾರೇ ಬರಲಿ, ಇವರು ಮೊದಲು ಬೋಲ್ಟಿನ ನಂಬರನ್ನೂ ಆಕ್ಷನ್ನಿನ ನಂಬರನ್ನೂ ಹೋಲಿಸಿ ನೋಡದೆ ಬೇರೆ ಮಾತೇ ಆಡುವುದಿಲ್ಲ. ಒಂದರ ಬೋಲ್ಟು ಇನ್ನೊಂದಕ್ಕೆ ಹಾಕಿದರೆ ಅಳತೆಯೆಲ್ಲ ಏರುಪೇರು ಅಂತ ಎಷ್ಟು ಜನರನ್ನು ಬೈದಿಲ್ಲ.

"ಬೋಲ್ಟಿನ ನಂಬರ್ ನೋಡಿದ್ರಾ?" ಅಂದೆ.

"ನಮ್ಮನೇದಕ್ಕೆ ನಂಬರೇನೇ ನೋಡೋದು?"

ಮಾತೇನೋ ಸರಿ. ಬೋಲ್ಟುಗಳನ್ನು ರೈಫಲ್‌ನಿಂದ ಬಿಚ್ಚಿ ಬೇರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದು ನಮ್ಮ ಮನೆಯ ಕಟ್ಟುನಿಟ್ಟು. ಅವರದಕ್ಕೆ ಹಸಿರು ಚೀಲ, ಮಗಳದಕ್ಕೆ ಹಳದಿ, ಎರಡನ್ನೂ ಹೊಲಿದವಳು ನಾನೇ. ಹಳದಿ ಚೀಲದಿಂದ ಬಂದದ್ದು ಮಗಳದೇ ತಾನೆ? ಆದರೂ ನನ್ನ ಬಾಯಿ ಮುಚ್ಚಿಸಲು ಅದನ್ನು ದೀಪದ ಕೆಳಗೆ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು.

"ಇದು ನಂದು."

ಬಾಗಿಲಲ್ಲಿದ್ದ ಮಗಳು ತಲೆ ತಗ್ಗಿಸಿದಳು. "ನಾನೇ ಚೀಲ ಬದಲಾಯಿಸ್ದೆ. ಈ ವರ್ಷದ ಪಂದ್ಯಗಳು ಶುರುವಾದಾಗ."

"ಯಾಕೆ?"

"ನೀವು ಒಳಗೆ ಬರೋದೇ ಇಲ್ವಲ್ಲ. ನಿಮ್ಮದೇನಾದ್ರೂ ಕೈಯಲ್ಲಿರಲಿ ಅನ್ನಿಸ್ತು."

ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವರು ಬೋಲ್ಟಿನ ತುದಿಯ ಎರಡು ಉಬ್ಬುಗಳ ಮೇಲೆ ಬೆರಳಾಡಿಸಿದರು. ಅವು ಆಕ್ಷನ್ನಿನೊಳಗೆ ಕಚ್ಚಿ ಹಿಡಿಯಬೇಕಾದ ಜಾಗಗಳು.

"ಸವೆದುಹೋಗಿದೆ ಕಣಮ್ಮ ಇದು. ಅದಕ್ಕೇ ಎತ್ತಿಟ್ಟಿದ್ದು. ಇಷ್ಟು ದಿನ ನೀನು ಇದನ್ನ ಕೆನ್ನೆ ಪಕ್ಕದಲ್ಲಿ…" ಹಳೆಯ ಬ್ಯಾರೆಲ್‌ನಲ್ಲಿ ಏನೂ ಆಗದೆ ಉಳಿದದ್ದು ನಮ್ಮ ಪುಣ್ಯ.

ಹಸಿರು ಚೀಲದಿಂದ ಅವಳ ಬೋಲ್ಟು ತೆಗೆದು ಹಾಕಿದರು. ಹೋಗಪ್ಪ ಹೋದ, ನಿಲ್ಲಪ್ಪ ನಿಂತ. ಮೂರನೆಯ ಬ್ಯಾರೆಲ್ ಸರಿಯಾಗಿಯೇ ಇತ್ತು. ಎರಡನೆಯದೂ ಸರಿಯಾಗಿದ್ದಿರಬೇಕು. ಅಂಗಡಿಯವನಿಗೆ ಫೋನು ಮಾಡಿ ತಪ್ಪಾಯಿತು ಅನ್ನುವಾಗ ನನ್ನ ಕಡೆ ಬೆನ್ನು ಮಾಡಿಕೊಂಡಿದ್ದರು.

ಸಂಜೆಯೊಳಗೆ ಮಗಳು ಕ್ಲಬ್ಬಿನಲ್ಲಿ ಹೊಡೆದು, ರೈಫಲ್ ಮೇಲಿನ ಗುರಿ ನೋಡುವ ಕಣ್ಣನ್ನು ಹೊಂದಿಸಿಕೊಂಡು ಬಂದಳು. ಗುಂಡು ಹೇಳಿದಲ್ಲಿಗೆ ಹೋಗುತ್ತಿತ್ತು, ಅವಳ ಮುಖ ಮಾತ್ರ ಬಾಡಿತ್ತು.

"ನಿಮ್ಮ ಬೋಲ್ಟಂತೂ ಇಲ್ಲ. ನಾಳೆ ನೀವೇ ಒಳಗೆ ಬನ್ನಿ."

"ನಂಗೆ ಕೂರೋಕಾಗಲ್ಲಮ್ಮ. ನಿಂಗೇ ಗೊತ್ತಲ್ಲ."

"ಗೊತ್ತು. ಆದ್ರೂ ಬನ್ನಿ."

ಬಂದರು. ಗುರಿಕಾರರ ಹಿಂದೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಲ್ಲಿ ಓಡಾಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಅವರ ಮೊಣಕಾಲು ಕುಣಿದು ಕುರ್ಚಿ ಕಟಕಟ ಅನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನಾನು ಆ ಮೊಣಕಾಲಿನ ಮೇಲೆ ಕೈ ಒತ್ತಿ ಹಿಡಿದೆ. ಮಗಳು ಒಮ್ಮೆ ತಿರುಗಿ ನೋಡಿದಳು. ಅಪ್ಪ ಇದ್ದಾರೆಂದು ಕಂಡುಕೊಂಡು ರೈಫಲ್ ಎತ್ತಿಕೊಂಡಳು. ಆಮೇಲೆ ತಿರುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಗಮನಿಸಿದೆ, ನನ್ನ ಕೈಯ ಕೆಳಗೆ ಆ ಕಾಲು ಅಲುಗುತ್ತಿರಲಿಲ್ಲ. ಕೈ ತೆಗೆದೆ. ಆಗಲೂ ಅಲುಗಲಿಲ್ಲ.

ಆಯ್ಕೆಯಾದವರನ್ನು ಕೂಗಿದರು. ಕೊನೆಯ ಹೆಸರು ನಮ್ಮವಳದು. ಅವಳು ಓಡಿ ಬಂದು ಎದುರು ನಿಂತರೂ ಇವರು ಏಳಲಿಲ್ಲ. ಗಾಬರಿಯಿಂದ ನನ್ನ ತೋಳು ಹಿಡಿದುಕೊಂಡರು.

"ಏನೇ ಇದು, ಕಾಲೇ ಇಲ್ಲ ಅನ್ನಿಸ್ತಿದೆ. ಒಳಗೆಲ್ಲಾ ಇರುವೆ ಹರಿದಾಡ್ತಿದೆ."

"ಜೋಮು ಹಿಡಿದಿದೆ ಅಷ್ಟೇ," ಅಂದೆ. "ಕೂತವರಿಗೆಲ್ಲ ಹಿಡಿಯುತ್ತೆ."

ಒಂದು ಕಡೆ ಮಗಳು, ಇನ್ನೊಂದು ಕಡೆ ನಾನು ಹಿಡಿದು ಅವರನ್ನು ಎಬ್ಬಿಸಿದೆವು.