ಡೇರಿ ಗೋಡೆಯ ಮೇಲಿನ ಕುಂಕುಮ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಪಾಂಡವಪುರದ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನನ್ನ ಬಾಲ್ಯದ ಗೆಳೆಯ ಹೈನುಗಾರಿಕೆ ಕಲಿಯಲು ಸರ್ಕಾರದ ಕಡೆಯಿಂದ ಹಾಲೆಂಡಿಗೆ ಹೋಗಿದ್ದವನು, ಅಲ್ಲಿನ ರಾಷ್ಟ್ರೀಯ ಮ್ಯೂಸಿಯಮ್ಮಿನ ಚಿತ್ರವೊಂದರ ಅಚ್ಚುಪ್ರತಿ ತಂದುಕೊಟ್ಟ. ಕಿಟಕಿ ಪಕ್ಕ ನಿಂತು ಹಾಲು ಸುರಿಯುತ್ತಿರುವ ಹೆಂಗಸು. ಮೂಲಚಿತ್ರದ ಎದುರು ಅರ್ಧ ದಿನ ನಿಂತಿದ್ದೆ ಎಂದ. ಸಂಜೆಯಾದರೆ ಅವನನ್ನು ಕೂರಿಸಿಕೊಂಡು ಆ ಹಜಾರಗಳು, ಹಳೇ ಹಡಗುಗಳ ಮಾದರಿಗಳು, ಗಾಜಿನ ಸೂರಿನಿಂದ ಇಳಿಯುವ ಬೆಳಕು, ಎಲ್ಲವನ್ನೂ ಹೇಳಿಸಿಕೊಳ್ಳುತ್ತಿದ್ದೆ. ನನ್ನ ಪಾಲಿಗೆ ಹಾಲೆಂಡು ಅಂದರೆ ಅವನ ಮಾತೇ.

ಅದೇ ಚಿತ್ರವನ್ನು ತಾನು ಕೆಲಸಕ್ಕಿದ್ದ ಹಾಲಿನ ಸೊಸೈಟಿಯ ಗೋಡೆಗೆ ನನ್ನ ಕೈಲಿ ಬರೆಸಬೇಕು ಎಂದವನೂ ಅವನೇ. ನಾನು ಬರೆದು ಮುಗಿಸುವಷ್ಟರಲ್ಲಿ ಹಾಲು ಹಾಕಲು ಬರುವ ಹೆಂಗಸರು ತಕರಾರು ತೆಗೆದರು.

"ಬೋಳು ಹಣೇಲಿ ಹಾಲು ಉಯ್ತಾವ್ಳಲ್ಲ ಮೇಷ್ಟ್ರೆ, ಒಳ್ಳೇದಲ್ಲ. ಒಂದು ಕುಂಕುಮ ಇಕ್ಕಿ."

ನಾನು ಜಗ್ಗಲಿಲ್ಲ. ನಕಲು ಅಂದಮೇಲೆ ಮೂಲದಲ್ಲಿ ಇದ್ದಷ್ಟೇ ಇರಬೇಕು, ನನ್ನ ಕಸುಬಿಗೆ ಇದ್ದ ಮರ್ಯಾದೆಯೇ ಅದು. ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದ.

"ಮೂಲದಾಗೆ ಐತೆ ಕಣ್ಲಾ, ಸಣ್ಣ ಕೆಂಪು ಬೊಟ್ಟು. ಅಚ್ಚಲ್ಲಿ ಬಂದಿಲ್ಲ ಅಷ್ಟೇಯ. ನಾನು ಕಣ್ಣಾರೆ ನೋಡಿವ್ನಿ."

ಆ ದೇಶದ ಹೆಂಗಸಿಗೆ ಬೊಟ್ಟೇ ಎಂದು ಅನುಮಾನ ಬಂತು. ಆದರೆ ನೋಡಿದವನು ಅವನು. ಕುಂಚ ತೊಳೆದು, ಕೆಂಪು ಅದ್ದಿ, ಇಟ್ಟುಬಿಟ್ಟೆ.

ಆ ಚಳಿಗಾಲದಲ್ಲಿ ಹಾಲೆಂಡಿನ ಅಧಿಕಾರಿಯೊಬ್ಬ ನಮ್ಮ ಡೇರಿ ನೋಡಲು ಬಂದ. ಗೋಡೆ ಕಂಡವನೇ ಜೋರಾಗಿ ನಕ್ಕು, ತನ್ನ ಹಣೆ ಮುಟ್ಟಿ ತೋರಿಸಿ, ಇದು ನಮ್ಮದರಲ್ಲಿ ಇಲ್ಲ ಎಂದ. ನೀವು ಮ್ಯೂಸಿಯಮ್ಮಿನಲ್ಲಿ ಮೂಲ ನೋಡಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಗೆಳೆಯನನ್ನು ಕೇಳಿದ. ಇಲ್ಲ ಸಾರ್, ಆ ಊರಿಗೆ ಹೋಗಲು ಆಗಲೇ ಇಲ್ಲ ಎಂದ ಗೆಳೆಯ. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಅಷ್ಟು ಸಂಜೆಗಳು ಇವನು ನನಗೆ ಹೇಳಿದ್ದೇನು?

ಸಾಹೇಬರು ಯಾಕೆ ನಕ್ಕರು ಎಂದು ಸೊಸೈಟಿಯ ಅಧ್ಯಕ್ಷರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ಹೇಳಿದ.

"ಆ ಬೊಟ್ಟು ಬ್ಯಾಡ ಅಂತ್ಲೇ ಅಂದೆ ನಾನು. ಮೇಷ್ಟ್ರು ಕೇಳ್ಬೇಕಲ್ಲ."

ಅಲ್ಲಿಯವರೆಗೆ ಅವನು ನನ್ನನ್ನು ಒಂದು ದಿನವೂ ಮೇಷ್ಟ್ರು ಅಂದಿರಲಿಲ್ಲ.