ಎಫ್ ಒನ್ ಒತ್ತುವ ಪದ್ಧತಿ

ಎಂಬ್ರಾಯ್ಡರಿ ಮಷೀನಿನ ಮೇಲೆ ಹಳೆಯ ಇಳಕಲ್ ಸೀರೆ ಮುಚ್ಚಿದ್ದು ಕಂಡಾಗಲೇ ವಿಷಯ ಸಣ್ಣದಲ್ಲವೆಂದು ನನಗೆ ತಿಳಿಯಿತು. ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಕಮಲಾಪುರಕ್ಕೆ ಎರಡು ದಿನ ಇದ್ದು ಬರಲು ಹೋಗಿದ್ದೆ. ಅಲ್ಲಿ ಅಕ್ಕ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ಕಂಪ್ಯೂಟರಿಗೆ ಜೋಡಿಸಿದ ಆ ಮಷೀನಿನಲ್ಲಿ ಕುಪ್ಪಸಗಳಿಗೆ ನವಿಲು, ಮಾವಿನಕಾಯಿ ಮೂಡಿಸಿಕೊಡುತ್ತಾರೆ. ಓಣಿಯ ಮದುಮಕ್ಕಳೆಲ್ಲ ಅವರ ಕೈಯ ಕುಪ್ಪಸ ತೊಟ್ಟವರೇ.

ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆ ಈಗ ಹೊಸ ವಿಂಡೋಸ್ ಬೇಕಂತೆ. ಹಾಕಲು ಹೋದರೆ ಕೆಂಪು ಗುರುತಿನ ಜೊತೆಗೆ, ಈ ಕಂಪ್ಯೂಟರಿನಲ್ಲಿ ಆಗದು ಎಂಬ ಉತ್ತರ. ರಿಪೇರಿಯವನೂ ನೋಡಿ, ಕಂಪ್ಯೂಟರನ್ನೇ ಬದಲಿಸಿ ಎಂದು ಹೇಳಿಹೋಗಿದ್ದ.

“ಐವತ್ತು ದಾಟ್ತು. ಕಣ್ಣಿಗೂ ಆರಾಮ ಬೇಕಲ್ಲ. ಮಷೀನ್ ಮಾರಿಬಿಡು,” ಎಂದರು ಭಾವ. ಅಕ್ಕ ಸೀರೆಯ ಚುಂಗನ್ನು ಮಷೀನಿನ ಕೆಳಗೆ ನೀಟಾಗಿ ಸಿಕ್ಕಿಸಿದರು.

ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ನಮ್ಮ ಮನೆಗಳಲ್ಲಿ ಇಂಗ್ಲಿಷ್ ಕಾಗದವೆಲ್ಲ ನನ್ನ ಪಾಲು, ಔಷಧದ ಚೀಟಿಯಿಂದ ಹಿಡಿದು ಮಿಕ್ಸರಿನ ಗ್ಯಾರಂಟಿವರೆಗೆ. ಪ್ರಶ್ನೆಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದದೆ ಪೆನ್ನು ಮುಟ್ಟಬಾರದು ಎಂದು ಸಿಸ್ಟರ್ ಒಬ್ಬರು ಹೇಳುತ್ತಿದ್ದರು. ಕಂಪ್ಯೂಟರಿನ ಉತ್ತರವನ್ನೂ ಹಾಗೆಯೇ ಓದಿದೆ. ಟಿಪಿಎಂ ಎಂಬ ಭದ್ರತೆಯ ಸೌಲಭ್ಯ ಸಿಗುತ್ತಿಲ್ಲ ಎಂದಿತ್ತು. ಫೋನಿನಲ್ಲಿ ಹುಡುಕಿದರೆ, ಅದು ಒಳಗೇ ಇರುತ್ತದೆ, ಬಯಾಸ್‌ನಲ್ಲಿ ಆನ್ ಮಾಡಬೇಕು ಎಂದಿತ್ತು. ವಿಂಡೋಸ್ ಏಳುವ ಮೊದಲೇ ತೆರೆಯಬೇಕಾದ ನೀಲಿ ಪುಟ ಅದು. ಹಳೆಯದು ಏನಿತ್ತೆಂದು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ಟಿಪಿಎಂ ಆನ್ ಮಾಡಿದೆ. ಪರೀಕ್ಷಿಸಿದರೆ ಹಸಿರು ಗುರುತು ಬಂತು. ಅಕ್ಕ ಒಂದು ಕೆಂಪು ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟರು.

ಡೌನ್‌ಲೋಡ್ ಅರ್ಧವಾಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ದೀಪ ಹಚ್ಚುವ ಮೊದಲು ಎಲ್ಲ ಪ್ಲಗ್ಗುಗಳನ್ನು ಕಿತ್ತಿಡುವುದು ಆ ಮನೆಯ ರೂಢಿ. ಹಿಂದೊಮ್ಮೆ ಸಿಡಿಲಿಗೆ ಟಿವಿ ಸುಟ್ಟಿತ್ತು. ಉಳಿದದ್ದು ನಾಳೆ ಎಂದುಕೊಂಡೆವು.

ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಕೆಂಪು ಗುರುತು.

“ನಿನ್ನೆ ಪಾಸ್, ಇವತ್ತ ಫೇಲ್. ನಿಮ್ಮ ಕಾನ್ವೆಂಟಿನ್ಯಾಗ ಹಿಂಗೂ ಮಾಡ್ತಿದ್ರೇನು?” ಎಂದು ಭಾವ ನಕ್ಕರು. ಅಕ್ಕ ನಗಲಿಲ್ಲ. “ಹೋಗ್ಲಿ ಬಿಡು ತಂಗಿ,” ಎಂದು ಕಂಪ್ಯೂಟರ್ ಆರಿಸಿ ಪ್ಲಗ್ಗಿಗೆ ಕೈ ಹಾಕಿದರು.

ನನಗೆ ಸಮಾಧಾನವಾಗಲಿಲ್ಲ. ಕಿತ್ತ ಪ್ಲಗ್ಗನ್ನು ಮತ್ತೆ ಹಾಕಿಸಿ, ದಿನಾ ಹೇಗೆ ಹಚ್ಚುತ್ತೀರೋ ಹಾಗೇ ಹಚ್ಚಿ ಎಂದು ಪಕ್ಕದಲ್ಲಿ ಕುಳಿತೆ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಬಂತು. ಅಕ್ಕ ನೋಡದೆಯೇ ಎಫ್ ಒನ್ ಒತ್ತಿದರು. ವಿಂಡೋಸ್ ಬಂದ ಮೇಲೆ ಗೋಡೆ ಗಡಿಯಾರ ನೋಡಿ ತಾರೀಖು, ವೇಳೆ ತಿದ್ದಿದರು.

“ಇದ್ಯಾಕ್ರೀ ಅಕ್ಕ?”

“ದಿನಾ ಹಿಂಗಽ. ಎರಡ್ ವರ್ಷ ಆತು. ಎಫ್ ಒನ್ ಒತ್ತಬೇಕು, ಗಡಿಯಾರ ಇಡಬೇಕು. ಅದರ ಪದ್ಧತಿ ಅದು.”

ಇನ್ನೊಮ್ಮೆ ಕಿತ್ತು ಹಾಕಿಸಿ, ಎಫ್ ಒನ್ ಒತ್ತಲು ಬಿಡದೆ ಬಿಳಿ ಅಕ್ಷರಗಳನ್ನು ಕೊನೆಯವರೆಗೆ ಓದಿದೆ. ಒಳಗಿನ ಸೆಲ್ ಮುಗಿದಿದೆ, ಎಫ್ ಒನ್ ಒತ್ತಿದರೆ ಎಲ್ಲ ಸೆಟ್ಟಿಂಗುಗಳೂ ಮೊದಲಿನಂತಾಗುತ್ತವೆ ಎಂದಿತ್ತು. ನಾನು ಆನ್ ಮಾಡಿದ್ದನ್ನು ಪ್ಲಗ್ ಕಿತ್ತ ಕೂಡಲೇ ಕಂಪ್ಯೂಟರ್ ಮರೆತಿತ್ತು. ಪಾಪ, ಗಡಿಯಾರವನ್ನೂ ಮರೆಯುತ್ತಿತ್ತು.

ಕಂಪ್ಯೂಟರಿನ ಡಬ್ಬಿ ಬಿಚ್ಚಿ, ರೂಪಾಯಿ ಬಿಲ್ಲೆಯಂಥ ಆ ಸೆಲ್ಲನ್ನು ಹೊರತೆಗೆದೆ. ಭಾನುವಾರ, ವಾಚು ರಿಪೇರಿ ಅಂಗಡಿ ಮುಚ್ಚಿತ್ತು. ಭಾವ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಒಳಗೆ ಹೋಗಿ ತಾವು ದಿನಾ ಹತ್ತಿ ನಿಲ್ಲುವ ತೂಕದ ಮಷೀನು ತಂದು, ಬೋರಲು ಹಾಕಿ, ಉಗುರಿನಿಂದ ಅದರ ಸೆಲ್ ಎಬ್ಬಿಸಿದರು. ನಂಬರು ಅದೇ.

“ತಗೋರಿ. ಒಂದ್ ವಾರ ನನ್ನ ತೂಕ ಯಾರಿಗೂ ಗೊತ್ತಾಗೂದು ಬ್ಯಾಡ.”

“ಈಗ ಮಾರೂದು ಬಿಟ್ರೇನು?” ಎಂದರು ಅಕ್ಕ, ಸೀದಾ ಅವರ ಮುಖ ನೋಡಿ.

“ಮಾರೂದಿದ್ರ ಸೆಲ್ ಯಾಕ ಕೊಡ್ತಿದ್ದೆ?”

ಆ ಸೆಲ್ ಹಾಕಿ, ಟಿಪಿಎಂ ಮತ್ತೆ ಆನ್ ಮಾಡಿ, ಹೊಸ ವಿಂಡೋಸ್ ಇಳಿಯಲು ಹಚ್ಚಿಟ್ಟೆವು. ಮಧ್ಯಾಹ್ನ ನಾವು ಕಾಳುಪಲ್ಯ, ರೊಟ್ಟಿ ಊಟ ಮಾಡುವಾಗ ಅದು ತನ್ನಷ್ಟಕ್ಕೆ ಎರಡು ಸಲ ಆರಿ ಹತ್ತಿತು. ಸಂಜೆಗೆ ಹೊಸ ವಿಂಡೋಸ್ ಬಂದಿತ್ತು. ದೀಪದ ಹೊತ್ತಿಗೆ ಪ್ಲಗ್ ಎಂದಿನಂತೆ ಹೊರಗೆ ಬಂತು. ನಾವೂ ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಮೊದಲು ಅಕ್ಕ ಕಂಪ್ಯೂಟರ್ ಹಚ್ಚಿದರು. ಬೆರಳು ತಾನಾಗಿಯೇ ಎಫ್ ಒನ್ ಮೇಲೆ ಹೋಗಿ ಕುಳಿತಿತ್ತು. ಬಿಳಿ ಅಕ್ಷರ ಬರಲಿಲ್ಲ. ಗಡಿಯಾರ ಗೋಡೆಯದರ ಜೊತೆ ಸರಿಯಾಗಿತ್ತು. ಅಕ್ಕ ಬೆರಳು ತೆಗೆದು, ಎದ್ದು, ಮಷೀನಿನ ಮೇಲಿನ ಸೀರೆ ಎಳೆದು ಮಡಚತೊಡಗಿದರು. ನಾನು ಇನ್ನೊಂದು ತುದಿ ಹಿಡಿದೆ.