ನಾಲ್ಕು ಕೂಡಿದರೆ ನಿಜ

ಗೆರೆಯಕ್ಕ. ವಯಸ್ಸು ಅರವತ್ತೆರಡು. ಬೀಗ ರಿಪೇರಿ ಮಾಡುತ್ತಿದ್ದವನ ಹಿರಿಯ ಮಗಳು. ಒಬ್ಬ ತಮ್ಮ, ಒಬ್ಬಳು ತಂಗಿ. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದಳು: ಹತ್ತೊಂಬತ್ತು ವರ್ಷ ಬಿಸಿ ರೋಲರಿನ ಮುಂದೆ, ಉಳಿದ ಹನ್ನೊಂದು ವರ್ಷ ಕೊಳೆಬಟ್ಟೆ ವಿಂಗಡಿಸುವ ಕೋಣೆಯಲ್ಲಿ. ತಂಗಿಯಾದ ನಾನು ಇದನ್ನು ಬರೆಯುತ್ತಿರುವುದು ಹೊಗಳುವುದಕ್ಕಲ್ಲ. ಯಾರಾದರೂ ಹೊಗಳಿದರೆ ಅವರ ಇನ್ನೊಂದು ಕೈಯಲ್ಲಿ ಏನಿದೆಯೆಂದು ನೋಡುವ ಸ್ವಭಾವ ಅವಳದು.

ಹೆಸರು ಕಾರ್ಖಾನೆಯವರು ಇಟ್ಟದ್ದು. ರೋಲರಿನಿಂದ ಹೊರಬಂದ ಹಾಸುಬಟ್ಟೆಯ ಅಂಚು ಗೆರೆ ಎಳೆದಂತೆ ನೇರವಾಗಿರದಿದ್ದರೆ ಅವಳು ಅದನ್ನು ಮತ್ತೆ ನೀರಿಗೆ ಕಳುಹಿಸುತ್ತಿದ್ದಳು.

"ರೋಗಿ ಮಲಗೋದು ಬಟ್ಟೆ ಮೇಲೆ, ಗೆರೆ ಮೇಲಲ್ಲ ಕಣಕ್ಕ," ಎಂದು ಹಿಂಡುವ ಯಂತ್ರ ನೋಡಿಕೊಳ್ಳುತ್ತಿದ್ದವಳು ಗೊಣಗುತ್ತಿದ್ದಳು.

"ಪಾಪ, ಎದ್ದು ಸರಿಮಾಡ್ಕೊಳ್ಳೋಕೆ ಅವನಿಗೆ ಆಗಲ್ಲ. ಅದಕ್ಕೇ ನಾವೇ ನೆಟ್ಟಗೆ ಮಾಡ್ಬೇಕು."

ಬಿಸಿ ರೋಲರಿಗೆ ಇಬ್ಬರು ಬೇಕು. ಒದ್ದೆ ಹಾಸುಬಟ್ಟೆಯ ಒಂದು ಮೂಲೆ ಒಬ್ಬಳ ಕೈಯಲ್ಲಿ, ಇನ್ನೊಂದು ಮೂಲೆ ಮತ್ತೊಬ್ಬಳ ಕೈಯಲ್ಲಿ. ಇಬ್ಬರೂ ಒಂದೇ ಉಸಿರಿಗೆ ಎಳೆದು ಒಳಗೆ ಬಿಡಬೇಕು. ಹದಿನಾಲ್ಕು ವರ್ಷ ಅಕ್ಕನ ಎದುರು ಮೂಲೆ ಹಿಡಿದವಳು ಒಬ್ಬಳೇ. ನಮ್ಮ ಮನೆಯಲ್ಲಿ ಅವಳನ್ನು ಜೊತೆಗಾತಿ ಎಂದೇ ಕರೆಯುತ್ತಿದ್ದೆವು. ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವಳು, ಬಾಯಿ ಜೋರು. ರೋಲರಿನ ಸದ್ದಿನಲ್ಲಿ ಮಾತು ಕೇಳಿಸದೆ, ಹುಬ್ಬಿನಲ್ಲೇ ಜಗಳವಾಡಿ ಹುಬ್ಬಿನಲ್ಲೇ ರಾಜಿಯಾಗುತ್ತಿದ್ದರು.

ಅಕ್ಕ ಸಂಜೆ ಶಾಲೆಗೆ ಸೇರಿದ್ದು ಮೂವತ್ತಮೂರನೆಯ ವಯಸ್ಸಿನಲ್ಲಿ. ಜೊತೆಗಾತಿಯನ್ನೂ ನನ್ನನ್ನೂ ಎಳೆದುಕೊಂಡು ಹೋದಳು. ದಿನಕ್ಕೊಂದು ಪುಟ ಬರೆಯಿರಿ, ಏನಾದರೂ ಸರಿ, ಎಂದು ಅಲ್ಲಿನ ಮೇಡಂ ಹೇಳಿದ್ದರು. ಅದೇ ತಿಂಗಳು ಕಾರ್ಖಾನೆಯ ಕಚೇರಿಯಲ್ಲಿ, ಎಲ್ಲರ ಕಣ್ಣೆದುರೇ ಕೆಲಸ ಮಾಡಿದ್ದ ಒಬ್ಬಳನ್ನು ಮೂರು ದಿನ ಗೈರುಹಾಜರಿ ಎಂದು ಬರೆದುಬಿಟ್ಟಿದ್ದರು. ಕಚೇರಿಯಲ್ಲಿದ್ದದ್ದು ಒಂದೇ ಪುಸ್ತಕ, ಬರೆಯುವುದು ಒಂದೇ ಕೈ. ಮುಂದೆ ಪುಸ್ತಕದ ಜಾಗಕ್ಕೆ ಕಂಪ್ಯೂಟರು ಬಂತು, ಕೈ ಬದಲಾಗಲಿಲ್ಲ.

ಅಕ್ಕ ಮೇಡಂ ಹೇಳಿದ್ದನ್ನೂ ಕಚೇರಿ ಮಾಡಿದ್ದನ್ನೂ ಜೋಡಿಸಿ ಒಂದು ಪದ್ಧತಿ ಮಾಡಿದಳು. ರೋಲರ್ ವಿಭಾಗದ ಏಳು ಹೆಂಗಸರೂ ಒಂದೊಂದು ನೋಟ್‌ಬುಕ್ ಇಡಬೇಕು. ಮೂರು ಗಂಟೆಯ ಚಹಾ ಹೊತ್ತಿಗೆ ಆ ದಿನ ಯಾರು ಬಂದರು, ಯಾವ ಯಂತ್ರ ಓಡಿತು, ಏನು ಕೆಟ್ಟಿತು ಎಂಬುದನ್ನು ಏಳು ಜನವೂ ಬರೆದು, ಗಟ್ಟಿಯಾಗಿ ಓದಬೇಕು. ಇಂದಿನ ಪುಟದ ಮೊದಲ ಸಾಲು ನಿನ್ನೆಯ ಪುಟದ ಕೊನೆಯ ಸಾಲೇ ಆಗಿರಬೇಕು. ನಡುವಿನ ಒಂದು ಪುಟ ಹರಿದರೆ ಕೊಂಡಿ ಕಳಚಿದ್ದು ತಾನೇ ಹೇಳುತ್ತದೆ. ಏಳರಲ್ಲಿ ನಾಲ್ಕು ಪುಸ್ತಕ ಕೂಡಿದರೆ ಅದೇ ನಿಜ. ಉಳಿದವರು ತಮ್ಮದನ್ನು ಅಡ್ಡಗೀಟು ಹಾಕಿ ತಿದ್ದಿಕೊಳ್ಳಬೇಕು.

ಈ ಕೊನೆಯ ನಿಯಮದಲ್ಲಿ ಅವಳು ಕಲ್ಲು. ಒಮ್ಮೆ ಹಿಂಡುವ ಯಂತ್ರದ ಬೆಲ್ಟು ಹರಿದದ್ದು ಸೋಮವಾರವೋ ಮಂಗಳವಾರವೋ ಎಂದು ವಾದ ಬಂತು. ಆ ವಾರ ಲೋಡು ಹೆಚ್ಚಿದ್ದರಿಂದ ಎರಡು ದಿನದ ಪುಟವನ್ನು ಒಟ್ಟಿಗೆ ಬರೆದಿದ್ದರು.

"ಬೆಲ್ಟು ಬಿದ್ದಿದ್ದೇ ನನ್ನ ಕಾಲ ಮೇಲೆ. ಬಾವು ನೋಡಕ್ಕ. ಸೋಮವಾರ."

"ನಾಲ್ಕು ಪುಸ್ತಕದಲ್ಲಿ ಮಂಗಳವಾರ ಅಂತಿದೆ. ತಿದ್ದು."

"ನನ್ನ ಕಾಲು ಊದಿದ್ದಕ್ಕೂ ನಾಲ್ಕು ಜನರ ಒಪ್ಪಿಗೆ ಬೇಕಾ?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹಿಂಡುವವಳು ಸೋಮವಾರಕ್ಕೆ ಗೀಟು ಹಾಕಿ ಮಂಗಳವಾರ ಬರೆದಳು. ಅವಳು ಹೇಳಿದ್ದೇ ಸರಿಯೆಂದು ಅಕ್ಕನಿಗೆ ಗೊತ್ತಿತ್ತು. ಆ ರಾತ್ರಿ ಊಟಕ್ಕೆ ಕುಳಿತಾಗ ನನಗೇ ಹೇಳಿದಳು: "ಒಬ್ಬಳಿಗೆ ಬಿಟ್ಟುಕೊಟ್ರೆ ನಾಳೆ ಏಳು ಪುಸ್ತಕಕ್ಕೆ ಏಳು ವಾರ ಆಗುತ್ತೆ." ನಾನು ಒಪ್ಪಿದೆ. ಈಗ ಒಪ್ಪುವುದಿಲ್ಲ.

ರೋಲರಿನ ಮುಂದೆ ಉದ್ದಕ್ಕೂ ಒಂದು ತಡೆಪಟ್ಟಿಯಿರುತ್ತದೆ. ಬೆರಳು ಅದಕ್ಕೆ ತಾಕಿದರೆ ಯಂತ್ರ ನಿಲ್ಲಬೇಕು. ಸುಕ್ಕಾದ ದಪ್ಪ ಬಟ್ಟೆ ಬಂದಾಗಲೂ ಅದು ತಾಕಿ ಯಂತ್ರ ನಿಂತುಬಿಡುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ನಿಂತರೆ ಆಸ್ಪತ್ರೆಗಳಿಗೆ ಬಟ್ಟೆ ತಡವಾಗುತ್ತದೆಂದು ಮೇಸ್ತ್ರಿ ಒಂದು ಬೆಳಿಗ್ಗೆ ತಡೆಪಟ್ಟಿಯನ್ನು ಮೇಲೆತ್ತಿ ತಂತಿಯಿಂದ ಕಟ್ಟಿಸಿದ. ಮೂರು ಗಂಟೆಗೆ ಏಳು ಪುಸ್ತಕಗಳಲ್ಲೂ ಒಂದೇ ಮಾತು ಬಿತ್ತು: "ಮೇಸ್ತ್ರಿ ತಡೆಪಟ್ಟಿಗೆ ತಂತಿ ಕಟ್ಟಿಸಿದರು. ಬೇಡವೆಂದು ಹೇಳಿದೆವು." ಅಕ್ಕ ಕಚೇರಿಗೂ ಹೋಗಿ ಕಂಪ್ಯೂಟರಿನಲ್ಲಿ ದೂರು ಬರೆಸಿ ಬಂದಳು.

ಹನ್ನೊಂದು ವಾರಗಳ ಬಳಿಕ, ಒಂದು ಗುರುವಾರ ಹತ್ತೂವರೆಗೆ, ಜೊತೆಗಾತಿಯ ಬಲಗೈ ಬಟ್ಟೆಯೊಡನೆ ಒಳಗೆ ಹೋಯಿತು. ಯಂತ್ರ ನಿಲ್ಲಲಿಲ್ಲ. ಅಕ್ಕ ಓಡಿಹೋಗಿ ಗೋಡೆಯ ಗುಂಡಿ ಒತ್ತುವ ಹೊತ್ತಿಗೆ ನಾಲ್ಕು ಬೆರಳು ಹೋಗಿದ್ದವು.

ಮರುದಿನ ಕಂಪ್ಯೂಟರಿನಲ್ಲಿ ಅಕ್ಕನ ದೂರು ಇರಲಿಲ್ಲ. ಅದರ ಜಾಗದಲ್ಲಿ ಒಂದು ಸಾಲಿತ್ತು: ತಡೆಪಟ್ಟಿಯನ್ನು ಕಟ್ಟಿದವಳು ರೋಲರಿನ ಹಿರಿಯ ಕೆಲಸಗಾರ್ತಿ, ತನ್ನ ಅನುಕೂಲಕ್ಕಾಗಿ. ಎಂದರೆ ನನ್ನ ಅಕ್ಕ. ಬೇಲಿಯೇ ಹೊಲ ಮೇಯ್ದ ಮೇಲೆ ಹೆಜ್ಜೆ ಗುರುತು ಯಾರ ಮನೆಯ ಕಡೆ ತಿರುಗಿಸಿದರೂ ತಿರುಗುತ್ತದೆ.

ತಪಾಸಣಾಧಿಕಾರಿ ಬಂದಾಗ ಅಕ್ಕ ಅಳಲಿಲ್ಲ, ಕೂಗಲಿಲ್ಲ. ಹೆಮ್ಮೆಯಿಂದಲೇ ಹೇಳಿದಳು: "ನಿಮ್ಮ ಹತ್ರ ಒಂದು ಪುಸ್ತಕ ಇದೆ ಸಾರ್, ನಮ್ಮ ಹತ್ರ ಏಳಿವೆ. ನಾಲ್ಕು ಕೂಡಿದ್ರೆ ನಿಜ ಅನ್ನೋದು ನಮ್ಮ ನಿಯಮ. ತರಿಸಿ ನೋಡಿ."

ಎರಡು ವಾರದ ನಂತರ ತನ್ನಿರೆಂದು ಅಧಿಕಾರಿ ಹೇಳಿಹೋದ. ಮೇಸ್ತ್ರಿಯೂ ಅಲ್ಲೇ ನಿಂತಿದ್ದ. ಅವನಿಗೆ ಲೆಕ್ಕ ಸುಲಭವಾಯಿತು: ಏಳು ಜನರನ್ನು ಕೊಳ್ಳಬೇಕಾಗಿಲ್ಲ, ನಾಲ್ಕು ಸಾಕು. ಎರಡು ಭಾನುವಾರ, ಹಗಲಿನಲ್ಲೇ, ಕ್ಯಾಂಟೀನಿನ ಬಾಗಿಲು ಹಾಕಿಕೊಂಡು ನಾಲ್ವರು ಹೆಂಗಸರು ಹೊಸ ನೋಟ್‌ಬುಕ್ಕುಗಳಲ್ಲಿ ಹನ್ನೊಂದು ವಾರವನ್ನು ಮೊದಲಿನಿಂದ ಬರೆದರು. ಪ್ರತಿ ಪುಟದ ಮೊದಲ ಸಾಲು ಹಿಂದಿನ ಪುಟದ ಕೊನೆಯ ಸಾಲೇ. ಅಕ್ಕ ಕಲಿಸಿದಂತೆಯೇ, ಒಂದು ಕೊಂಡಿಯೂ ತಪ್ಪದೆ. ಜೊತೆಗಾತಿಯ ಪುಸ್ತಕ ಅವಳ ಪೆಟ್ಟಿಗೆಯಲ್ಲಿ ಸಿಗಲಿಲ್ಲ.

ನಾಲ್ವರಲ್ಲಿ ನಾಲ್ಕನೆಯವಳು ನನ್ನ ಅತ್ತಿಗೆ, ಅಕ್ಕನ ತಮ್ಮನ ಹೆಂಡತಿ. ಅವಳನ್ನು ಕೆಲಸಕ್ಕೆ ಸೇರಿಸಿದ್ದೇ ಅಕ್ಕ.

ಅಧಿಕಾರಿ ಆರು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದ. "ನಾಲ್ಕರಲ್ಲಿ ಕಟ್ಟಿದ್ದು ನೀವು ಅಂತಿದೆ. ಎರಡರಲ್ಲಿ ಮೇಸ್ತ್ರಿ ಅಂತಿದೆ."

"ಆ ನಾಲ್ಕು ಪುಸ್ತಕ ನೋಡಿ ಸಾರ್. ಹನ್ನೊಂದು ವಾರಕ್ಕೂ ಒಂದೇ ಪೆನ್ನು. ಒಂದು ಚಹಾದ ಕಲೆ ಇಲ್ಲ."

"ಶುಚಿಯಾಗಿ ಬರೆಯೋದು ಅಪರಾಧ ಅಲ್ವಲ್ಲಮ್ಮ. ನಿಯಮ ನಿಮ್ಮದೇ ತಾನೆ?"

ಮೇಸ್ತ್ರಿ ಎಂದಿದ್ದ ಎರಡರಲ್ಲಿ ಒಂದು ಅಕ್ಕನದು, ಇನ್ನೊಂದು ಹಿಂಡುವವಳದು. ಅವಳಿಗೂ ಮೇಸ್ತ್ರಿ ಆಸೆ ತೋರಿಸಿದ್ದ, ಅವಳು ಜಗ್ಗಿರಲಿಲ್ಲ. ಹೊರಗೆ ಬಂದ ಮೇಲೆ ಅಕ್ಕನ ಮುಖ ನೋಡಿ, "ಈ ಸಲ ಊದಿದ್ದು ನಿನ್ನ ಕಾಲು ಅಕ್ಕ," ಎಂದಳು. ಹಾಗೆಂದು ಬಹಳ ದೂರ ಜೊತೆಗೇ ನಡೆದು ಬಂದಳು.

ಅಕ್ಕನನ್ನು ಕೊಳೆಬಟ್ಟೆ ಕೋಣೆಗೆ ಹಾಕಿದರು. ರಕ್ತ, ಕೀವು, ಮರೆತುಹೋದ ಸೂಜಿ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಇದಾವುದೂ ಅವಳಿಗೆ ದೊಡ್ಡದಾಗಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಜೊತೆಗಾತಿಯ ತಾಯಿ ಅಡ್ಡ ನಿಂತು, "ನನ್ನ ಮಗಳ ಕೈ ತಿಂದವಳು ಒಳಗೆ ಬರಬೇಡ," ಎಂದದ್ದು ದೊಡ್ಡದು. ತಪಾಸಣೆಯ ವರದಿಯ ಪ್ರತಿ ಜೊತೆಗಾತಿಗೂ ಹೋಗಿತ್ತು. ತಂತಿ ಕಟ್ಟಿಸಿದ ಬೆಳಿಗ್ಗೆ ಬಟ್ಟೆಯ ರಾಶಿಯ ಮೇಲೇ ಕಣ್ಣಿಟ್ಟುಕೊಂಡಿದ್ದ ಅವಳು ಕಟ್ಟಿದ್ದು ಯಾರೆಂದು ತಾನಾಗಿ ನೋಡಿರಲಿಲ್ಲ. ಅಕ್ಕ ಓದಿದ್ದನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಈಗ ಅಕ್ಕ ಹೇಳಿದ್ದೇ ಸುಳ್ಳೆಂದು ಕಾಗದ ಹೇಳುತ್ತಿತ್ತು. ಅವಳು ಕಾಗದವನ್ನು ನಂಬಿದಳು. ಓದುವುದನ್ನು ಅವಳಿಗೆ ಕಲಿಸಿದ್ದು ಅಕ್ಕನೇ.

"ಲೋಕ ಏನಾದ್ರೂ ಅಂದ್ಕೊಳ್ಳಲಿ," ಅನ್ನುತ್ತಿದ್ದಳು ಅಕ್ಕ. "ಅವಳು ಓದೋ ಕಾಗದದಲ್ಲಿ ಸರಿಯಾಗಿ ಬರಬೇಕು. ನನಗೆ ಅಷ್ಟೇ."

ತಮ್ಮನ ಮನೆಯ ಎರಡು ಕೋಣೆ ಬಿಟ್ಟರೆ ಅವಳಿಗೆ ಬೇರೆ ಸೂರಿರಲಿಲ್ಲ. ಅಡುಗೆಮನೆಯಲ್ಲಿ ಎರಡನೆಯ ಒಲೆ ತಂದಿಟ್ಟುಕೊಂಡಳು. ಎಂಟು ವರ್ಷ ಅಕ್ಕ, ಅತ್ತಿಗೆ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಬೇಯಿಸಿಕೊಂಡರು. ತಮ್ಮ ಎರಡೂ ಕಡೆ ಉಂಡು, ಎರಡೂ ಕಡೆ ಉಪ್ಪು ಸರಿಯಿದೆ ಅನ್ನುತ್ತಿದ್ದ.

ಎಂಟನೆಯ ವರ್ಷ ಮೇಸ್ತ್ರಿ ನಿವೃತ್ತನಾದ. ಒಂದು ಮಧ್ಯಾಹ್ನ ಅತ್ತಿಗೆ ತನ್ನ ಒಲೆ ಆರಿಸಿ ತಿರುಗಿ ನಿಂತಳು. ನಾನು ಅಲ್ಲೇ ಇದ್ದೆ.

"ಅಕ್ಕ, ಖಾಯಂ ಮಾಡ್ತೀನಿ ಅಂದಿದ್ದ. ಇಲ್ಲಾಂದ್ರೆ ವಿಭಾಗಾನೇ ಮುಚ್ಚಿಸ್ತೀನಿ ಅಂದಿದ್ದ. ನಾನು ಬರೆದುಕೊಡ್ತೀನಿ. ನಡೆದಿದ್ದೆಲ್ಲ."

"ಖಾಯಂ ಆಯ್ತಾ?"

"ಇಲ್ಲ."

"ಹಾಗಾದ್ರೆ ಬರಿ," ಅಂದಳು ಅಕ್ಕ. ಅತ್ತಿಗೆಯ ಮುಖವನ್ನು ಆಗಲೂ ನೋಡಲಿಲ್ಲ.

ಆ ಹೇಳಿಕೆಯನ್ನು ಹಿಡಿದು ಅಕ್ಕ ಮೊದಲು ಹೋದದ್ದು ಜೊತೆಗಾತಿಯ ಬಳಿಗೆ. ಅವಳು ಗುಂಡಿ, ನೂಲು ಮಾರುವ ಅಂಗಡಿಯೊಂದರಲ್ಲಿ ಕುಳಿತಿರುತ್ತಿದ್ದಳು. ಎಡಗೈಯಲ್ಲಿ ಕಾಗದ ಹಿಡಿದು ಎರಡು ಸಲ ಓದಿದಳು.

"ಇದು ನಿನ್ನ ತಮ್ಮನ ಹೆಂಡ್ತಿ ಅಕ್ಷರ. ಮನೆಯವರು ಮನೆಯವರಿಗೆ ಬರೆದುಕೊಟ್ಟಿದ್ದು."

"ನಾನು ಕಟ್ಟಲಿಲ್ಲ ಕಣೇ."

"ದಾಖಲೆಯಲ್ಲಿ ಬರ್ಲಿ. ಆಮೇಲೆ ಬಾ." ಕಾಗದವನ್ನು ಮಡಿಸಿ ಹಿಂದಕ್ಕೆ ಕೊಟ್ಟಳು. ಅಂಚಿಗೆ ಅಂಚು ಕೂಡಿಸಿ, ರೋಲರಿನ ಬಳಿ ಮಡಿಸುತ್ತಿದ್ದ ಹಾಗೆಯೇ.

ಅಕ್ಕ ಅರ್ಜಿ ಹಿಡಿದು ಕಚೇರಿಗೆ ಹೋದಳು. ಅಲ್ಲಿ ಹೊಸ ವ್ಯವಸ್ಥೆ ಬಂದು ನಾಲ್ಕು ತಿಂಗಳಾಗಿತ್ತು. ಅದನ್ನು ನೋಡಿಕೊಳ್ಳುವವನು ಒಳ್ಳೆಯ ಮನುಷ್ಯ. ಕುರ್ಚಿ ಎಳೆದು ಕೂರಿಸಿ ವಿವರಿಸಿದ.

"ಮೊದಲು ಎಲ್ಲ ದಾಖಲೆ ನಮ್ಮ ಒಂದೇ ಕಂಪ್ಯೂಟರಲ್ಲಿ ಇರ್ತಿತ್ತಮ್ಮ. ಕೀಲಿಪದ ಇದ್ದವರು ಏನು ಬೇಕಾದ್ರೂ ತಿದ್ದಬಹುದಿತ್ತು. ಈಗ ಬ್ಲಾಕ್‌ಚೈನ್. ಅದೇ ದಾಖಲೆ ಮೂರು ಕಡೆ: ನಮ್ಮಲ್ಲಿ, ವಿಮೆಯವರಲ್ಲಿ, ತಪಾಸಣಾ ಕಚೇರಿಯಲ್ಲಿ. ಒಂದೊಂದು ದಾಖಲೆಗೂ ಹಿಂದಿನ ದಾಖಲೆಯ ಗುರುತು ಅಂಟಿರುತ್ತೆ. ನಡುವೆ ಒಂದಕ್ಷರ ಬದಲಾಯಿಸಿದ್ರೂ ಮುಂದಿನದೆಲ್ಲ ಕೆಟ್ಟುಹೋಗಿ ಸಿಕ್ಕಿಬೀಳ್ತಾರೆ. ಹೊಸದು ಸೇರಿಸ್ಬೇಕಾದ್ರೆ ಮೂವರಲ್ಲಿ ಇಬ್ಬರು ಒಪ್ಬೇಕು."

"ನಮ್ಮ ನೋಟ್‌ಬುಕ್ಕು," ಅಂದಳು ಅಕ್ಕ.

"ಏನಮ್ಮ?"

"ಏನಿಲ್ಲ. ಹಳೇದನ್ನೂ ಇದರಲ್ಲಿ ತುಂಬಿದೀರಾ?"

"ಎಲ್ಲ. ಹಳೇ ಕಂಪ್ಯೂಟರಲ್ಲಿ ಇದ್ದಿದ್ದು ಇದ್ದ ಹಾಗೇ. ಇನ್ನು ಅದನ್ನ ಯಾರೂ ಮುಟ್ಟೋಕಾಗಲ್ಲ."

"ಇದ್ದಿದ್ದೇ ಸುಳ್ಳಾಗಿದ್ರೆ?"

ಅವನು ತಲೆ ಕೆರೆದುಕೊಂಡ. "ಬರೆದಿದ್ದು ಬದಲಾಗಿಲ್ಲ ಅಂತ ಇದು ಹೇಳುತ್ತಮ್ಮ. ಬರೆದಿದ್ದು ನಿಜವೋ ಅಲ್ಲವೋ ಅಂತ ಇದಕ್ಕೆ ಹೇಗೆ ಗೊತ್ತಾಗ್ಬೇಕು?"

"ಮೂವರಲ್ಲಿ ಇಬ್ಬರು ಸೇರಿ ಸುಳ್ಳು ಒಪ್ಪಿದ್ರೆ?"

"ಹಾಗಾಗಬಾರದು ಅಂತಾನೇ ಬೇರೆ ಬೇರೆಯವರ ಕೈಗೆ ಕೊಡೋದು."

"ಬೇರೆಯವರಾ?" ಅಂದಳು ಅಕ್ಕ. "ಆ ನಾಲ್ಕು ಪುಸ್ತಕದಲ್ಲಿ ಒಂದು ನನ್ನ ಅಡುಗೆಮನೆಯಿಂದಲೇ ಹೋಗಿತ್ತು."

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲಿಗೆ ಬೀಗ ಹಾಕಿದ್ದರು. ಕಳ್ಳನನ್ನು ಒಳಗಿಟ್ಟೇ ಹಾಕಿದ್ದರು. ಆದರೂ ಅವನು ದಾರಿಯೊಂದನ್ನು ತೋರಿಸಿದ: ಹಳೆಯ ಸಾಲು ಅಳಿಯುವುದಿಲ್ಲ, ಕೆಳಗೆ ತಿದ್ದುಪಡಿಯೆಂದು ಹೊಸ ಸಾಲು ಸೇರಿಸಬಹುದು. ಆ ಸಾಲನ್ನು ಅವನೇ ಬೆರಳಚ್ಚು ಮಾಡಿಕೊಟ್ಟ. ಏಳು ತಿಂಗಳ ಮೇಲೆ ಉತ್ತರ ಬಂತು. ತಪಾಸಣಾ ಕಚೇರಿ ಒಪ್ಪಿತ್ತು. ವಿಮೆಯವರು ಮುಗಿದ ಪ್ರಕರಣವೆಂದರು. ಕಾರ್ಖಾನೆ, ನಾಲ್ಕು ಪುಸ್ತಕಗಳ ಸಾಕ್ಷ್ಯದ ಎದುರು ಒಬ್ಬ ಸಂಬಂಧಿಕಳ ಹೇಳಿಕೆ ನಿಲ್ಲದೆಂದಿತು. ಮೂರರಲ್ಲಿ ಎರಡು ಕೂಡಿದವು.

ಅಕ್ಕ ಆ ಉತ್ತರವನ್ನು ನಿಂತೇ ಓದಿದಳು. "ಹಿಂಡುವವಳ ಬಾವು ನಾನೇ ಅಲ್ವಾ ತಿದ್ದಿಸಿದ್ದು," ಎಂದಳು. ಮತ್ತೆ ಅರ್ಜಿ ಹಾಕಿದಳು, ಮತ್ತೆ ಮತ್ತೆ ಹಾಕಿದಳು. ಗುಂಡಿ ನೂಲಿನ ಅಂಗಡಿಯ ಬೀದಿಗೆ ಮಾತ್ರ ಕಾಲಿಡಲಿಲ್ಲ. ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದಾಗ, ತನ್ನ ಕೆಳಗಿನ ಹಾಸುಬಟ್ಟೆಯ ಅಂಚು ಡೊಂಕಾಗಿದೆಯೆಂದು ನರ್ಸಿಗೆ ಹೇಳಿದಳು. ಐದನೆಯ ದಿನ ಹೋದಳು. ಜೊತೆಗಾತಿಗೆ ನಾನೇ ಹೇಳಿಕಳುಹಿಸಿದೆ. ಬರಲಿಲ್ಲ. ಅವಳನ್ನು ದೂರಲಾರೆ, ಅವಳ ಬಳಿಯಿದ್ದ ಕಾಗದದಲ್ಲಿ ಸೀಲು ಇತ್ತು, ನಮ್ಮದರಲ್ಲಿ ಇರಲಿಲ್ಲ.

ಅವಳು ಬಿಟ್ಟುಹೋದದ್ದು:

ನಾಲ್ಕು ಜೊತೆ ಬಟ್ಟೆ, ಇಸ್ತ್ರಿ ಮಾಡಿದ್ದು.

ಕನ್ನಡಕ, ಎಡಗಿವಿಯ ಕಡ್ಡಿಗೆ ದಾರ ಸುತ್ತಿದ್ದು.

ಒಂದು ಒಲೆ. ಅತ್ತಿಗೆ ಅದನ್ನು ಮುಟ್ಟುವುದಿಲ್ಲ, ಎತ್ತಿಡುವುದೂ ಇಲ್ಲ.

ನೋಟ್‌ಬುಕ್ಕು ಹದಿಮೂರು ವರ್ಷದ್ದು. ಅಪಘಾತದ ಮರುದಿನದಿಂದ ಮುಂದೆ ಖಾಲಿ.

ಅರ್ಜಿಯ ಪ್ರತಿ ಹದಿನಾಲ್ಕು. ಉತ್ತರ ಎರಡು.

ಮೂರು ಕಚೇರಿಗಳಲ್ಲಿ ಒಂದು ಸಾಲು, ಅಳಿಸಲಾಗದ್ದು.

ಒಂದು ಲಕೋಟೆ. ಜೊತೆಗಾತಿಯ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದೆ. ಒಳಗೆ ಏನೂ ಇಲ್ಲ.